ಅತ್ತಿಗೆ, ಆ ಮೊಸರಿನ ಕಪ್ ವಿಷಯ

ಅತ್ತಿಗೆ, ಬೆಳಿಗ್ಗೆ ನೀವು ಕಳಿಸಿದ ವಾಯ್ಸ್ ಮೆಸೇಜ್ ಪೂರ್ತಿ ಕೇಳಿಸಿಕೊಂಡೆ. ಇದು ಸ್ವಲ್ಪ ಉದ್ದ ಆಗತ್ತೆ, ಕೆಲಸ ಮಾಡ್ತಾ ಕೇಳಿ. ಅಣ್ಣ ಸಂಜೆ ಐದಕ್ಕೆ ಬಿಸ್ಕತ್ತು ಬಿಟ್ಟು, ‘ಹೈ ಪ್ರೋಟೀನ್’ ಅಂತ ಬರೆದಿರೋ ಹಣ್ಣಿನ ರುಚಿಯ ಮೊಸರು ತಿಂತಿದ್ದಾನೆ. ಆದ್ರೂ ಆರೂವರೆಗೆಲ್ಲ ಹಸಿವು ಅಂತಾನೆ, ಮೀಟರಲ್ಲಿ ಶುಗರ್ ಬೇರೆ ಏರಿದೆ. ಪ್ರೋಟೀನ್ ಇದ್ಮೇಲೆ ಏರಬಾರದಲ್ವಾ ಅಂತ ಕೇಳಿದ್ರಿ.

ಕಪ್‌ನ ಹಿಂಬದಿಯ ಫೋಟೋ ಹಾಕಿದ್ದು ಒಳ್ಳೇದಾಯ್ತು, ಉತ್ತರ ಅಲ್ಲೇ ಇದೆ. 100 ಗ್ರಾಮಿಗೆ ಪ್ರೋಟೀನ್ 5 ಗ್ರಾಂ, ಸಕ್ಕರೆ 13 ಗ್ರಾಂ. ಕಪ್ 150 ಗ್ರಾಮಿಂದು. ಅಂದ್ರೆ ಒಂದು ಕಪ್ಪಿಗೆ ಪ್ರೋಟೀನ್ ಏಳೂವರೆ ಗ್ರಾಂ, ಸಕ್ಕರೆ ಹತ್ತೊಂಬತ್ತೂವರೆ. ಇದರಲ್ಲಿ ಸುಮಾರು 6 ಗ್ರಾಂ ಹಾಲಿನದೇ ಸಕ್ಕರೆ, ಲ್ಯಾಕ್ಟೋಸ್. ಅದನ್ನ ಬಿಟ್ಟುಬಿಡಿ. ಉಳಿದ 13 ಚಿಲ್ಲರೆ ಗ್ರಾಂ ಮೇಲಿಂದ ಹಾಕಿದ್ದು, ಟೀ ಚಮಚದ ಲೆಕ್ಕದಲ್ಲಿ ಮೂರಕ್ಕೂ ಜಾಸ್ತಿ. ಶುಗರ್ ಏರಿಸಿದ್ದು ಅದು, ಪ್ರೋಟೀನ್ ಅಲ್ಲ. ಮುಂದುಗಡೆ ದಪ್ಪಕ್ಷರದಲ್ಲಿ ಏನು ಬರೆದಿದ್ರೂ ಓದ್ಬೇಡಿ, ಹಿಂದಿನ ಸಣ್ಣಕ್ಷರ ಓದಿ. ಪ್ರೋಟೀನ್ ಅಂಕಿ ಸಕ್ಕರೆ ಅಂಕಿಗಿಂತ ದೊಡ್ಡದಿದ್ರೆ ತಗೊಳ್ಳಿ, ಚಿಕ್ಕದಿದ್ರೆ ಅದನ್ನ ಸಿಹಿತಿಂಡಿ ಅಂತಲೇ ಲೆಕ್ಕ ಹಾಕಿ. ಸಪ್ಪೆ ಹಾಲಿಗೆ, ಮಾಮೂಲಿ ಮೊಸರಿಗೆ ಮಾತ್ರ ಈ ಲೆಕ್ಕ ಸ್ವಲ್ಪ ತಪ್ಪತ್ತೆ. ಅಲ್ಲಿರೋ ಸಕ್ಕರೆಯೆಲ್ಲ ಲ್ಯಾಕ್ಟೋಸೇ.

ಈಗ ಪ್ರೋಟೀನ್ ಏನು ಮಾಡತ್ತೆ ಅನ್ನೋದು. ಹಾಲಿನ ಪ್ರೋಟೀನಲ್ಲಿ ನೂರಕ್ಕೆ 80 ಪಾಲು ಕೇಸಿನ್, 20 ಪಾಲು ವೇ, ಅಂದ್ರೆ ಹಾಲು ಒಡೆದಾಗ ತಿಳಿನೀರಲ್ಲಿ ಉಳಿಯೋ ಪ್ರೋಟೀನ್. ಹೊಟ್ಟೆಯ ಹುಳಿ ತಾಗಿದ ತಕ್ಷಣ ಕೇಸಿನ್ ಒಡೆದು ಗಟ್ಟಿಯಾಗತ್ತೆ, ಹಾಗಾಗಿ ಗಂಟೆಗಟ್ಟಲೆ ನಿಧಾನವಾಗಿ ಕರಗತ್ತೆ. ವೇ ನೀರಾಗೇ ಇದ್ದು ಬೇಗ ಮುಂದೆ ಹೋಗತ್ತೆ. ಅದು ಒಡೆದಾಗ ಸಿಗೋ ಲ್ಯೂಸಿನ್ ತರದ ತುಣುಕುಗಳು, ಅಂದ್ರೆ ಅಮೈನೋ ಆಸಿಡ್‌ಗಳು ರಕ್ತಕ್ಕೆ ಸೇರಿ, ಇನ್ಸುಲಿನ್ ಬಿಡು ಅಂತ ಮೇದೋಜೀರಕಕ್ಕೆ ಹೇಳ್ತವೆ. ಅದರ ಜೊತೆಗೆ ಕರುಳು ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಬಿಡತ್ತೆ. ಅದು ಹೊಟ್ಟೆ ಖಾಲಿಯಾಗೋದನ್ನ ನಿಧಾನ ಮಾಡತ್ತೆ, ಸಾಕು ಅಂತ ಮೆದುಳಿಗೂ ತಿಳಿಸತ್ತೆ. ಹೊಟ್ಟೆಯಿಂದ ಆಹಾರ ನಿಧಾನವಾಗಿ ಇಳಿದ್ರೆ ಸಕ್ಕರೆಯೂ ರಕ್ತಕ್ಕೆ ನಿಧಾನವಾಗೇ ಸೇರತ್ತೆ. ಹಸಿವು, ಶುಗರ್ ಎರಡಕ್ಕೂ ಹಿಡಿತ ಸಿಗೋದು ಇಲ್ಲೇ. ಆದ್ರೆ ಇನ್ಸುಲಿನ್ ಬಿಡೋ ಶಕ್ತಿ ಮೇದೋಜೀರಕದಲ್ಲಿ ಉಳಿದಿರ್ಬೇಕು. ಹಳೇ ಡಯಾಬಿಟಿಸ್ ಇರೋರಿಗೆ ಈ ಲಾಭ ಕಮ್ಮಿ.

ಇನ್ನು ಪ್ರಮಾಣ. 5-7 ಗ್ರಾಂ ಪ್ರೋಟೀನಿಗೆ ಹಸಿವು ಕ್ಯಾರೇ ಅನ್ನಲ್ಲ. ಒಂದು ಸಲಕ್ಕೆ 15ರಿಂದ 20 ಗ್ರಾಂ ಸಿಕ್ಕಿದ್ರೆ ಮಾತ್ರ ಮುಂದಿನ ಎರಡು-ಮೂರು ಗಂಟೆ ತಡೆಯತ್ತೆ. ಒಂದು ಲೋಟ ಹಾಲು, 200 ಎಂಎಲ್ ಅಂದ್ರೆ, ಆರೂವರೆ ಗ್ರಾಂ. ಕುಡಿದಿದ್ದು ಅಗಿದು ತಿಂದಷ್ಟು ಹೊತ್ತು ನಿಲ್ಲೋದೂ ಇಲ್ಲ. 50 ಗ್ರಾಂ ಪನೀರಲ್ಲಿ ಸುಮಾರು 9 ಗ್ರಾಂ, ಆದ್ರೆ ಅದಕ್ಕಿಂತ ಜಾಸ್ತಿ ಕೊಬ್ಬು ಜೊತೆಗೇ ಬರತ್ತೆ. ಚೀಸ್ 30 ಗ್ರಾಂ ತಿಂದ್ರೆ 7 ಗ್ರಾಂ ಪ್ರೋಟೀನು, 120 ಕ್ಯಾಲೊರಿ, ಉಪ್ಪು ಬೇರೆ. ಬಿಪಿ ಇರೋರಿಗೆ ಅದು ದಿನಾ ಬೇಡ. ಕೆನೆ ತೆಗೆದ ಗಟ್ಟಿ ಗ್ರೀಕ್ ಮೊಸರು, ಸಪ್ಪೆದು, 150 ಗ್ರಾಂ ತಗೊಂಡ್ರೆ 15 ಗ್ರಾಂ ಹತ್ರ ಪ್ರೋಟೀನ್, 90 ಕ್ಯಾಲೊರಿ, ಸಕ್ಕರೆ 5-6 ಗ್ರಾಂ. ನನ್ನ ಕೇಳಿದ್ರೆ ಸಂಜೆಗೆ ಇದೇ ಸರಿ.

ಮನೇಲೇ ಮಾಡ್ಕೋಬಹುದು. ಅರ್ಧ ಕೆಜಿ ಗಟ್ಟಿಯಾಗಿ ಹೆಪ್ಪಾದ ಮೊಸರನ್ನ ಎರಡು ಮಡಿಕೆ ತೆಳು ಬಟ್ಟೆಯಲ್ಲಿ ಸುರಿದು, ಜರಡಿ ಮೇಲಿಟ್ಟು, ಕೆಳಗೆ ಪಾತ್ರೆ ಕೊಟ್ಟು ಫ್ರಿಜ್ಜಲ್ಲಿ ಇಡಿ. ಹೊರಗಿಟ್ರೆ ಹುಳಿ ಬರತ್ತೆ. ಹಿಂಡ್ಬೇಡಿ, ಹಿಂಡಿದ್ರೆ ಮೊಸರೇ ಬಟ್ಟೆಯಿಂದ ಹೊರಗೆ ಬರತ್ತೆ. ನಾಲ್ಕೈದು ಗಂಟೆಗೆ ಹೆಚ್ಚುಕಮ್ಮಿ ಅರ್ಧ ಉಳಿಯತ್ತೆ. ಎಲ್ಲರೂ ಎಡವೋದು ಇಲ್ಲೇ ನೋಡಿ. ಬಟ್ಟೆ ಏನೂ ಪ್ರೋಟೀನ್ ತಯಾರಿಸಲ್ಲ. ಅರ್ಧ ಕೆಜಿ ಮೊಸರಲ್ಲಿ ಇದ್ದಿದ್ದೇ 17 ಗ್ರಾಂ, ಅದರಲ್ಲೂ ಒಂದೆರಡು ಗ್ರಾಂ ನೀರಿನ ಜೊತೆ ಹೋಗತ್ತೆ. ಹಾಗಾಗಿ 15 ಗ್ರಾಂ ಬೇಕು ಅಂದ್ರೆ ಆ ಗಟ್ಟಿ ಮೊಸರನ್ನ ಪೂರ್ತಿ ಒಬ್ರೇ ತಿನ್ಬೇಕು, ನಾಲ್ಕು ಜನಕ್ಕೆ ಹಂಚಿದ್ರೆ ಲೆಕ್ಕಕ್ಕೇ ಬರಲ್ಲ. ನೀರು ಇಳಿದಾಗ ಲ್ಯಾಕ್ಟೋಸೂ ಅರ್ಧದಷ್ಟು ಇಳಿಯತ್ತೆ, ಅದು ಲಾಭ. ಕೊಬ್ಬು ಮಾತ್ರ ಎಲ್ಲೂ ಹೋಗಲ್ಲ, ಅಷ್ಟೂ ಬಟ್ಟೆಯಲ್ಲೇ ಉಳಿಯತ್ತೆ. ಅದಕ್ಕೇ ಕೆನೆ ತೆಗೆದ ಹಾಲಿನ ಮೊಸರು ತಗೊಳ್ಳಿ. ರುಚಿಗೆ ಉಪ್ಪು, ಮೆಣಸಿನ ಪುಡಿ ಸಾಕು. ಜೇನುತುಪ್ಪ ಹಾಕಿದ್ರೆ ಮತ್ತೆ ಮೊದಲಿನ ಕಪ್ಪಿಗೇ ಬಂದು ನಿಲ್ತೀರಿ.

ಹಣ್ಣೋ ಬ್ರೆಡ್ಡೋ ತಿನ್ನೋದಿದ್ರೆ ಮೊಸರು ಮೊದಲು, ಹಣ್ಣು-ಬ್ರೆಡ್ಡು ಹತ್ತು-ಹದಿನೈದು ನಿಮಿಷ ಬಿಟ್ಟು. ಹಿಂದೆಮುಂದೆ ಆದ್ರೆ ಲಾಭ ಕಮ್ಮಿ. ಇನ್ನೊಂದು, ಮೊಸರು ಬಿಸ್ಕತ್ತಿನ ಬದಲಿಗೆ ಬರ್ಬೇಕು. ಬಿಸ್ಕತ್ತೂ ಇರ್ಲಿ, ಮೊಸರೂ ಇರ್ಲಿ, ರಾತ್ರಿ ಊಟಾನೂ ಅಷ್ಟೇ ಇರ್ಲಿ ಅಂದ್ರೆ ತೂಕ ಏರತ್ತೆ, ಆಮೇಲೆ ಶುಗರೂ. ಊಟಕ್ಕೆ ಇನ್ನೊಂದೇ ಗಂಟೆ ಇದ್ರೆ ತಿಂಡಿಯೇ ಬೇಡ, ಊಟವನ್ನೇ ಮುಂಚೆ ಮಾಡ್ಲಿ.

ಅಣ್ಣನ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದೆ ಅಂದಿದ್ರಿ. ಅದು ಇನ್ಸುಲಿನ್ ಬಿಡಿಸಿ ಶುಗರ್ ಇಳಿಸೋ ಔಷಧಿ, ಕೆಲವು ಸಲ ತೀರಾ ಇಳಿಸಿಬಿಡತ್ತೆ, ಅದಕ್ಕೆ ಇದನ್ನ ಹೇಳ್ಲೇಬೇಕು. ಶುಗರ್ 70ಕ್ಕಿಂತ ಇಳಿದು ಕೈ ನಡುಗಿದ್ರೆ, ಬೆವೆತ್ರೆ, ಆಗ ಮೊಸರು, ಪನೀರು ಅಂತ ಹೋಗ್ಬೇಡಿ. ಆಗ ಬೇಕಾಗಿರೋದು ಬೇಗ ಏರೋ ಸಕ್ಕರೆ. 15 ಗ್ರಾಂ ಗ್ಲೂಕೋಸ್ ನೀರಲ್ಲಿ ಕದಡಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ರೆ ಇನ್ನೊಂದು ಸಲ ಕೊಡಿ. ಪ್ರೋಟೀನ್, ಕೊಬ್ಬು ಎಲ್ಲ ಆಗ ತಡವೇ ಮಾಡೋದು, ಅವೇನಿದ್ರೂ ಶುಗರ್ ಮೇಲೆ ಬಂದ್ಮೇಲೆ. ಮತ್ತೆ ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯೇಟಿನಿನ್ ರಿಪೋರ್ಟ್ ಹಳೇದಾಗಿದ್ರೆ, ದಿನಾ ಇಷ್ಟು ಪ್ರೋಟೀನ್ ಶುರು ಮಾಡೋಕೆ ಮುಂಚೆ ಡಾಕ್ಟರಿಗೆ ಒಂದು ಮಾತು ಕೇಳಿ. ಕಿಡ್ನಿ ಸೊರಗಿದ್ರೆ ಲೆಕ್ಕಾನೇ ಬೇರೆ.

ಕೊನೇದಾಗಿ ಮೀಟರು. ತಿನ್ನೋಕೆ ಮುಂಚೆ ಒಂದು ಸಲ, ಮೊದಲ ತುತ್ತಿಂದ ಎಣಿಸಿ ಒಂದು ಗಂಟೆಗೆ, ಎರಡು ಗಂಟೆಗೆ. ಎರಡು ದಿನ ಆ ಹಳೇ ಕಪ್, ಎರಡು ದಿನ ಸಪ್ಪೆ ಗಟ್ಟಿ ಮೊಸರು. ಪ್ರತಿಸಲ ಕೈ ಸೋಪಲ್ಲಿ ತೊಳೆದು ಒರೆಸಿಕೊಳ್ಳಲಿ. ಬೆರಳಿಗೆ ಹಣ್ಣಿನ ರಸ ಅಂಟಿದ್ರೂ ಮೀಟರ್ ಜಾಸ್ತಿ ತೋರಿಸತ್ತೆ. ಎಂಟು-ಹತ್ತು ಪಾಯಿಂಟ್ ಆಚೆ-ಈಚೆ ಆದ್ರೆ ತಲೆ ಕೆಡಿಸ್ಕೋಬೇಡಿ, ಅಷ್ಟು ವ್ಯತ್ಯಾಸ ಮೀಟರಿನದ್ದೇ. ನಾಲ್ಕೂ ದಿನದ ಅಂಕಿ ಇಲ್ಲೇ ಗುಂಪಲ್ಲಿ ಹಾಕಿ, ಪಕ್ಕದಲ್ಲಿ ಟೈಮ್ ಬರೆದು ಹಾಕಿ. ಹೋದ ಸಲದ ತರ ಬರೀ ಅಂಕಿ ಹಾಕಿದ್ರೆ ಯಾವುದು ಯಾವಾಗಿಂದು ಅಂತ ತಿಳಿಯಲ್ಲ.