ಕಿರಿಯ ಕಲಾವಿದರಿಗೆ ತಿಂಗಳ ವಸತಿ ಶಿಬಿರ: ಹಿರಿಯರ ಪಾತ್ರ ಹೇಗಿರಬೇಕು?

ಪ್ರಶ್ನೆ (ಮಾಟುಂಗ, ಮುಂಬಯಿ)
ಧಾರವಾಡ, ಕಲಬುರಗಿಗಳಲ್ಲಿ ಚಿತ್ರಕಲೆ ಓದಿ ಈಚೆಗೆ ಹೊರಬಂದ ನಾಲ್ವರನ್ನು ಒಂದು ತಿಂಗಳ ಮಟ್ಟಿಗೆ ಇಲ್ಲಿಗೆ ಕರೆಸಿ, ಇಬ್ಬರು ಹಿರಿಯ ಕಲಾವಿದರ ಜೊತೆಯಲ್ಲಿ ಇರಿಸಬೇಕೆಂದು ನಾವು ಕೆಲವು ಕನ್ನಡಿಗರು ಯೋಚಿಸಿದ್ದೇವೆ. ಹಿರಿಯರು ದಿನವೂ ಪಾಠ ಹೇಳಬೇಕೇ, ಎಲ್ಲರೂ ಕೂಡಿ ಒಂದೇ ಕೃತಿ ರಚಿಸಬೇಕೇ ಎಂಬಲ್ಲಿ ನಮಗೆ ಒಮ್ಮತವಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ (ಪುಣೆ)
ಪಾಠ ಬೇಡ. ವರ್ಷಗಟ್ಟಲೆ ಪಾಠ ಕೇಳಿ ಬಂದವರಿಗೆ ಬೇಕಾಗಿರುವುದು, ಹಿರಿಯರೊಬ್ಬರು ಚಿತ್ರವನ್ನು ಅರ್ಧಕ್ಕೆ ಬಿಟ್ಟು, ವಾರದ ನಂತರ ಮತ್ತೆ ಅದರೆದುರು ನಿಲ್ಲುವುದನ್ನು ಹತ್ತಿರದಿಂದ ಕಾಣುವ ಅವಕಾಶ. ಇದಕ್ಕೆ ನಿಮ್ಮ ಊರಿನಲ್ಲೇ ಮಾದರಿಯಿದೆ. 1950ರ ದಶಕದಲ್ಲಿ ವಾರ್ಡನ್ ರೋಡಿನ ಭೂಲಾಭಾಯಿ ದೇಸಾಯಿ ಸ್ಮಾರಕ ಸಂಸ್ಥೆ ಕಲಾವಿದರಿಗೆ ಅಲ್ಪ ಬಾಡಿಗೆಗೆ ಸ್ಟುಡಿಯೋ ಕೊಡುತ್ತಿತ್ತು. ಹುಸೇನ್, ಗಾಯ್ತೊಂಡೆ ಅಲ್ಲಿ ಚಿತ್ರ ಬರೆದರು, ಅಲ್ಕಾಜಿಯವರ ರಂಗ ಚಟುವಟಿಕೆಗೂ ರವಿಶಂಕರರ ಸಂಗೀತಕ್ಕೂ ಅದೇ ನೆಲೆಯಾಗಿತ್ತು. 1960ರ ಸುಮಾರಿಗೆ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಕಲಾವಿದೆ ನಸ್ರೀನ್ ಮೊಹಮದಿಯವರಿಗೆ ಗಾಯ್ತೊಂಡೆಯವರ ಒಡನಾಟ ದೊರೆತದ್ದು ಅಲ್ಲಿಯೇ. ಆ ಒಡನಾಟದಿಂದ ಬೆಳೆದ ನಸ್ರೀನರ ಸಪೂರ ರೇಖೆ ಗಾಯ್ತೊಂಡೆಯವರ ಬಣ್ಣದ ಅನುಕರಣೆಯಾಗಲಿಲ್ಲವೆಂಬುದನ್ನೇ ನಾನು ಒಳ್ಳೆಯ ಮಾರ್ಗದರ್ಶನದ ಗುರುತೆಂದು ತಿಳಿಯುತ್ತೇನೆ.

ಉತ್ತರ (ಮಡಗಾಂವ್, ಗೋವಾ)
ಪುಣೆಯವರ ಮಾತು ಸರಿ. ಜಂಟಿ ಕೃತಿಯನ್ನೂ ಕಡ್ಡಾಯ ಮಾಡಬೇಡಿ. ಮಾಡಿದರೆ ಕಿರಿಯರು ಹಿರಿಯರ ಕ್ಯಾನ್ವಾಸಿಗೆ ಬಣ್ಣ ತುಂಬುವ ಸಹಾಯಕರಾಗಿಬಿಡುತ್ತಾರೆ. ಅದು ತಾನಾಗಿಯೇ ಹುಟ್ಟಿದರೆ ಸಂತೋಷ, ಆದರೆ ಹಕ್ಕಿನ ಮಾತನ್ನು ಮೊದಲ ದಿನವೇ ಬರೆದಿಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಯಾರ ಪಾಲು ಯಾವುದೆಂದು ಬೇರ್ಪಡಿಸಲಾಗದ ರಚನೆಗೆ ಕೂಡಿ ದುಡಿದವರೆಲ್ಲರೂ ಕರ್ತೃಗಳೇ. ಕಿರಿಯರ ಹೆಸರು ಫಲಕದಲ್ಲಿ ಸಮನಾಗಿ ಬರಬೇಕು, ಮಾರಾಟವಾದರೆ ಹಣ ಹೇಗೆ ಹಂಚಬೇಕೆಂಬುದೂ ಕಾಗದದಲ್ಲಿರಬೇಕು. ದೆಹಲಿಯ ಖೋಜ್ ಎಂಬ ಕಲಾಸಂಸ್ಥೆಯು ಹೊಸಬರಿಗಾಗಿ ನಡೆಸುವ ‘ಪೀಯರ್ಸ್’ ಶಿಬಿರದಲ್ಲಿ ಕಲಾ ವಿಮರ್ಶಕರೊಬ್ಬರೂ ಜೊತೆಗಿರುತ್ತಾರೆ, ಕೊನೆಯಲ್ಲಿ ಸ್ಟುಡಿಯೋವನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. ನೀವೂ ಕನ್ನಡದಲ್ಲಿ ಬರೆಯಬಲ್ಲ ಒಬ್ಬರನ್ನು ಕರೆಯಿರಿ. ನಮ್ಮ ಭಾಷೆಯಲ್ಲಿ ಯುವ ಕಲಾವಿದರ ಬಗ್ಗೆ ಬರೆಯುವವರ ಕೊರತೆ ನಿಜಕ್ಕೂ ನೋವಿನ ಸಂಗತಿ.

ಉತ್ತರ (ಡೊಂಬಿವಲಿ)
ವಸತಿಯೂ ಸ್ಟುಡಿಯೋವೂ ನಡೆದು ಹೋಗುವಷ್ಟು ಹತ್ತಿರವಿರಲಿ. ನಮ್ಮ ಕಡೆ ಬಾಡಿಗೆ ಕಡಿಮೆಯೆಂದು ಇಲ್ಲಿ ಉಳಿಸಿ ಮಾಟುಂಗಕ್ಕೆ ಬರಹೇಳಿದರೆ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲೇ ಅವರ ಚೈತನ್ಯ ಕರಗುತ್ತದೆ, ರಾತ್ರಿಯ ಊಟದ ನಂತರ ಹಿರಿಯರೊಡನೆ ನಡೆಯಬೇಕಾದ ಮಾತುಕತೆಯೂ ತಪ್ಪುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ವಂದನೆಗಳು. ಪಾಠದ ವೇಳಾಪಟ್ಟಿಯನ್ನು ಕೈಬಿಟ್ಟು, ಮೊದಲು ಒಪ್ಪಂದದ ಕರಡನ್ನು ಸಿದ್ಧಪಡಿಸುತ್ತೇವೆ. ಸಾಮಗ್ರಿಯ ವೆಚ್ಚವನ್ನು ಗೌರವಧನದಲ್ಲೇ ಸೇರಿಸುವುದೋ, ಬೇರೆಯಾಗಿ ಕೊಡುವುದೋ ಎಂಬ ಬಗ್ಗೆಯೂ ಸಲಹೆಯಿದ್ದರೆ ದಯವಿಟ್ಟು ತಿಳಿಸಿ.