ಪದಚರ್ಚೆ: ‘ವರ್ಕಿಂಗ್ ಮೆಮರಿ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಅತಿಚಟುವಟಿಕೆಯ ತೊಂದರೆ) ಇರುವ ಮಕ್ಕಳ ಅಪ್ಪ-ಅಮ್ಮಂದಿರಿಗಾಗಿ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟಪುಟಕ್ಕೂ ‘ವರ್ಕಿಂಗ್ ಮೆಮರಿ’ ಎದುರಾಗುತ್ತದೆ. ಮೊದಲು ‘ಕಾರ್ಯಸ್ಮೃತಿ’ ಎಂದು ಬರೆದೆ. ಕರಡು ಓದಿದ ಒಬ್ಬ ತಾಯಿ, “ಹೇಳಿದ ಕೆಲಸದ ನೆನಪು ಅಂತಾನಾ? ನಮ್ಮ ಮನೇಲಿ ಅದು ಯಾರಿಗೂ ಇಲ್ಲ ಬಿಡಿ” ಎಂದು ನಕ್ಕರು. ‘ನೆನಪಿನ ಶಕ್ತಿ’ ಎಂದು ಬದಲಿಸಿದೆ. ಆಗ ನಗು ಹೋಗಿ ಸಿಟ್ಟು ಬಂತು. “ಎರಡು ವರ್ಷದ ಹಿಂದೆ ಹತ್ತಿದ್ದ ಬಸ್ಸಿನ ನಂಬರು ಇವತ್ತಿಗೂ ಹೇಳ್ತಾನೆ ರೀ. ನೆನಪಿನ ಶಕ್ತಿ ಕಮ್ಮಿ ಅಂದ್ರೆ ಯಾರು ನಂಬ್ತಾರೆ?”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ನನ್ನ ಪದ.

ಮಾತಿನ ನಡುವೆ ಅವರು ಮಗನನ್ನು ಕರೆದು, “ಪುಟ್ಟಾ, ಒಳಗಿಂದ ನೀಲಿ ನೋಟ್‌ಬುಕ್ ತಗೊಂಡು, ಫ್ಯಾನ್ ಆರಿಸಿ, ಹಾಗೇ ನನ್ನ ಕನ್ನಡಕ ತಂದ್ಬಿಡು” ಅಂದರು. ಹುಡುಗ ಒಂದೇ ಓಟಕ್ಕೆ ಒಳಗೆ ಹೋದ. ತುಂಬ ಹೊತ್ತಾದರೂ ಬರಲಿಲ್ಲ. ಇಣುಕಿದರೆ ಕೋಣೆಯ ನಡುವೆ ನಿಂತು ಫ್ಯಾನ್ ನೋಡುತ್ತಿದ್ದಾನೆ. ಅದು ತಿರುಗುತ್ತಲೇ ಇದೆ. ಕೈಯಲ್ಲಿ ಕನ್ನಡಕದ ಡಬ್ಬಿ ಇದೆ, ಒಳಗೆ ಕನ್ನಡಕ ಇಲ್ಲ. “ಏನೋ ಇದು?” ಅಂದರೆ, “ಮರೆತುಹೋಯ್ತು” ಅಂದ.

ಇಲ್ಲೊಂದು ವ್ಯಾಕರಣದ ಸ್ವಾರಸ್ಯ ಇದೆ. ಅವನು ‘ನಾನು ಮರೆತೆ’ ಅನ್ನಲಿಲ್ಲ. ‘ನನಗೆ ಮರೆತುಹೋಯ್ತು’ ಅನ್ನುವುದು ನಮ್ಮ ರೂಢಿ. ಅಲ್ಲಿ ಮರೆವು ತಾನಾಗಿ ಆಗುವ ಸಂಗತಿ, ಹಸಿವಾದ ಹಾಗೆ, ನಿದ್ದೆ ಬಂದ ಹಾಗೆ. ಆದರೆ ಬೈಯುವಾಗ “ಮತ್ತೆ ಮರೆತೆಯಾ?” ಎನ್ನುತ್ತೇವೆ. ಕೂಡಲೇ ಅವನೇ ಕರ್ತೃ ಆಗಿಬಿಡುತ್ತಾನೆ, ಅಲ್ವಾ? ‘ಮರೆಗುಳಿ’ ಎಂಬ ಪದವನ್ನು ಕೈಪಿಡಿಯಿಂದ ಹೊರಗಿಟ್ಟದ್ದು ಇದೇ ಕಾರಣಕ್ಕೆ.

ಈಗ ಅರ್ಥಕ್ಕೆ ಬರೋಣ. ಒಂದಷ್ಟು ಸಂಗತಿಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಅದೇ ಹೊತ್ತಿಗೆ ಅದರ ಮೇಲೆ ಏನಾದರೂ ಕೆಲಸ ಮಾಡುವುದು, ಇದು ವರ್ಕಿಂಗ್ ಮೆಮರಿ. ಬರೀ ಹಿಡಿದಿಡುವುದಲ್ಲ. “4, 9, 2” ಎಂದು ಹೇಳಿ, ಹಾಗೇ ತಿರುಗಿ ಹೇಳು ಅಂದರೆ ಹಿಡಿದಿಟ್ಟರೆ ಸಾಕು. ಕೊನೆಯಿಂದ ಹೇಳು ಅಂದರೆ ಹಿಡಿದಿಟ್ಟುಕೊಂಡೇ ತಿರುವಿ ಹಾಕಬೇಕು. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಜಾಸ್ತಿ ಕಷ್ಟವಾಗುವುದು ಈ ಎರಡನೆಯದು. ಎಲ್ಲರಿಗೂ ಹಾಗಾಗುತ್ತದೆ ಎಂದೇನಿಲ್ಲ. ಹಾಗಾಗಿ ‘ಅಲ್ಪಾವಧಿ ಸ್ಮರಣೆ’ ಅಂದರೂ ನಡೆಯುವುದಿಲ್ಲ, ಅದರಲ್ಲಿ ಕೆಲಸದ ಭಾಗವೇ ಇಲ್ಲ. ಬ್ಯಾಡ್‌ಲಿ ಮತ್ತು ಹಿಚ್ ಎಂಬ ಇಬ್ಬರು ಮನೋವಿಜ್ಞಾನಿಗಳು 1974ರಲ್ಲಿ ಇವೆರಡನ್ನೂ ಬಿಡಿಸಿ ತೋರಿಸಿದರು. ಅವರ ಪ್ರಕಾರ ವರ್ಕಿಂಗ್ ಮೆಮರಿಯಲ್ಲಿ ಕೇಳಿದ್ದನ್ನು ಒಳಗೊಳಗೇ ಗುನುಗಿ ಉಳಿಸಿಕೊಳ್ಳುವ ಭಾಗ ಒಂದು, ನೋಡಿದ್ದನ್ನು ಕಣ್ಣಮುಂದೆ ಇಟ್ಟುಕೊಳ್ಳುವ ಭಾಗ ಇನ್ನೊಂದು, ಇವೆರಡನ್ನೂ ನಡೆಸುವ ಯಜಮಾನ ಮತ್ತೊಂದು.

ಇದಕ್ಕೆ ಕನ್ನಡದಲ್ಲಿ ಮಾತೇ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಕೂಡುವ ಲೆಕ್ಕ ನೆನಪಾಯಿತು. “ಮನಸ್ಸಿನಲ್ಲಿ ಎಂಟು, ಕೈಯಲ್ಲಿ ಐದು. ಎಂಟಾದ ಮೇಲೆ ಒಂಬತ್ತು, ಹತ್ತು...” ನಾವೆಲ್ಲ ಹೀಗೇ ಕಲಿತದ್ದಲ್ಲವೇ? ಆ ‘ಮನಸ್ಸಿನಲ್ಲಿ ಎಂಟು’ ಇದೆಯಲ್ಲ, ವರ್ಕಿಂಗ್ ಮೆಮರಿ ಅಂದರೆ ಅದೇ. ಬೆರಳು ಮಡಚುತ್ತಿರುವಾಗ ಯಾರೋ ಬಾಗಿಲು ಬಡಿದರೆ ಬೆರಳು ಐದೂ ಅಲ್ಲೇ ಇರುತ್ತವೆ, ಎಂಟು ಮಾಯ. ಮಗುವಿಗೆ ಲೆಕ್ಕ ಬರುವುದಿಲ್ಲ ಅಂತಲ್ಲ. ಮನಸ್ಸಿನಲ್ಲಿದ್ದ ಎಂಟು ಜಾರಿಹೋಗಿದೆ. ಅದನ್ನು ಕಾಗದದ ಮೇಲೆ ಬರೆದುಕೊಟ್ಟರೆ ಅದೇ ಮಗು ಲೆಕ್ಕ ಮುಗಿಸುತ್ತದೆ.

ಇನ್ನು ‘ನೆನಪು’. ಇದರ ಜೊತೆ ನಾವು ಬಳಸುವ ಕ್ರಿಯಾಪದಗಳನ್ನು ನೋಡಿ. ನೆನಪಿಡು ಅಂದರೆ ಬೇಕೆಂದೇ ಇಟ್ಟುಕೊಳ್ಳುವುದು. ನೆನಪಿರು ಅಂದರೆ ಅದು ಒಳಗೆ ಉಳಿದಿರುವುದು. ನೆನಪಿಸಿಕೊಳ್ಳು ಅಂದರೆ ಹುಡುಕಿ ತೆಗೆಯುವುದು. ನೆನಪಾಗು ಅಂದರೆ ತಾನಾಗಿ ಹೊಳೆಯುವುದು. ಬಸ್ಸಿನ ನಂಬರು ಆ ಹುಡುಗನಿಗೆ ‘ನೆನಪಿದೆ’. ನಾಳೆ ಬೆಳಿಗ್ಗೆ ಸಹಿ ಹಾಕಿಸಿಕೊಳ್ಳಬೇಕಾದ ಹಾಳೆಯೂ ಅವನಿಗೆ ‘ನೆನಪಿದೆ’, ಕೇಳಿದರೆ ಹೇಳುತ್ತಾನೆ. ಹೊರಡುವ ಹೊತ್ತಿಗೆ ಅದು ‘ನೆನಪಾಗುವುದಿಲ್ಲ’. ‘ಗೊತ್ತಿದ್ದೂ ಮಾಡಲ್ಲ’ ಎಂಬ ಆರೋಪ ಹುಟ್ಟುವುದು ಈ ಎರಡು ಕ್ರಿಯಾಪದಗಳ ನಡುವಿನ ಸಂದಿಯಲ್ಲಿ. ಈ ವ್ಯತ್ಯಾಸ ವಿವರಿಸಲು ಕೈಪಿಡಿಯ ಮೂಲದಲ್ಲಿ ಒಂದು ಪುಟ ಬೇಕಾಗಿದೆ. ಕನ್ನಡದಲ್ಲಿ ನನಗೆ ಎರಡು ಸಾಲು ಸಾಕಾಯಿತು. (ಸ್ವಲ್ಪ ಜಂಬ ಪಟ್ಟುಕೊಂಡೆ, ಕ್ಷಮಿಸಿ.)

ಸರಿ, ನಾನು ಯೋಚಿಸಿರುವ ಪದಗಳು. ‘ಕೈನೆನಪು’ ಚೆನ್ನಾಗಿ ಕೇಳುತ್ತದೆ. ಆದರೆ ಗಂಟು ಹಾಕುವುದು, ಟೈಪ್ ಮಾಡುವುದು, ಇಂಥ ಕೈಗೆ ಅಭ್ಯಾಸವಾದ ಕೆಲಸಗಳ ನೆನಪು ಅಂದುಕೊಳ್ಳುತ್ತಾರೆ. ಅದು ಬೇರೆಯದೇ ಬಗೆಯ ನೆನಪು. ‘ಮನದ ಸ್ಲೇಟು’ ಒಂದು ಸಲ ವಿವರಿಸಲು ಪರವಾಗಿಲ್ಲ, ಪುಟಪುಟಕ್ಕೂ ಬಂದರೆ ಕವಿತೆಯಾಗಿಬಿಡುತ್ತದೆ.

ನನ್ನ ಒಲವು ‘ಹಿಡಿನೆನಪು’ ಕಡೆಗೆ. ಹಿಡಿ ಅಂದರೆ ಹಿಡಿದುಕೊಳ್ಳುವುದೂ ಹೌದು, ಒಂದು ಮುಷ್ಟಿಯಷ್ಟು ಎಂಬ ಅಳತೆಯೂ ಹೌದು. ಈ ನೆನಪಿಗೆ ಅಳತೆ ಇದೆ. ಮನೋವಿಜ್ಞಾನಿ ಮಿಲ್ಲರ್ 1956ರಲ್ಲಿ ಸುಮಾರು ಏಳು ಸಂಗತಿ ಅಂದಿದ್ದರು. ಇನ್ನೊಬ್ಬ ಮನೋವಿಜ್ಞಾನಿ ಕೋವನ್ 2001ರಲ್ಲಿ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಅದೂ ದೊಡ್ಡವರಿಗೆ. ಮಕ್ಕಳ ಹಿಡಿ ಇನ್ನೂ ಚಿಕ್ಕದು. ಅದಕ್ಕೇ ಒಂದು ಸಲಕ್ಕೆ ಒಂದೇ ಮಾತು ಹೇಳಿ ಎನ್ನುವುದು. ಒಂದೇ ಒಂದು ಅಳುಕು ಇದೆ. ಹಿಡಿನೆನಪು ಅಂದ ಕೂಡಲೇ ಪಕ್ಕದಲ್ಲಿ ‘ಹಿಡಿಶಾಪ’ ಬಂದು ಕೂರುತ್ತದೆ. ನಿಮಗೂ ಹಾಗೇ ಕೇಳಿಸುತ್ತದೆಯೇ?

ಜೊತೆಗೆ ಇನ್ನೆರಡು ಸಣ್ಣ ತಕರಾರು. ಎಡಿಎಚ್‌ಡಿಯಲ್ಲಿರುವ ‘ಅಟೆನ್ಷನ್ ಡೆಫಿಸಿಟ್’ಗೆ ‘ಗಮನ ಕೊರತೆ’ ಎಂಬ ಅನುವಾದ ನನಗೆ ಒಗ್ಗುತ್ತಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲಿ ಈ ‘ಕೊರತೆ’ ಹೆಸರಿಗೆ ಸೇರಿಕೊಂಡಿತು. ಅತಿಚಟುವಟಿಕೆ ಸೇರಿದ ಈಗಿನ ಹೆಸರು 1987ರದು. ಆದರೆ ಇಷ್ಟವಾದ ಆಟಿಕೆ ಬಿಚ್ಚಿಕೊಂಡು ಕೂತರೆ ಇದೇ ಮಕ್ಕಳು ಗಂಟೆಗಟ್ಟಲೆ ಏಳುವುದಿಲ್ಲ. ಸಂಸ್ಕೃತದಲ್ಲಿ ಗಮನ ಅಂದರೆ ಹೋಗುವುದು. ಇವರ ಗಮನ ಹೋಗುತ್ತದೆ, ಬೇಕಾದ ಕಡೆ ನಿಲ್ಲುವುದಿಲ್ಲ ಅಷ್ಟೇ. ‘ಗಮನ ನಿಲ್ಲದಿರುವುದು’ ಅಂದರೆ ಹೇಗೆ?

ಇನ್ನೊಂದು ‘ಎಕ್ಸಿಕ್ಯೂಟಿವ್ ಫಂಕ್ಷನ್’, ಅಂದರೆ ಮನಸ್ಸು ತನ್ನ ಕೆಲಸಗಳನ್ನು ತಾನೇ ಹತೋಟಿಯಲ್ಲಿಟ್ಟು ನಡೆಸಿಕೊಳ್ಳುವ ಶಕ್ತಿ. ‘ಕಾರ್ಯನಿರ್ವಾಹಕ’ ಅಂದ ಕೂಡಲೇ ಇಂಜಿನಿಯರ್ ಸಾಹೇಬರ ಕಚೇರಿಯ ಬೋರ್ಡು ಕಣ್ಣಿಗೆ ಬರುತ್ತದೆ. ಅದನ್ನು ಒಡೆದು ಹೇಳಿದರೆ ಸುಲಭ ಅನಿಸಿತು. ಬಾಯಿಗೆ ಬಂದ ಉತ್ತರವನ್ನು ‘ತಡೆದುಕೊಳ್ಳುವುದು’, ಒಂದು ಕೆಲಸದಿಂದ ಇನ್ನೊಂದಕ್ಕೆ ‘ಹೊರಳುವುದು’, ಮತ್ತು ಈ ಹಿಡಿನೆನಪು. ಎಡಿಎಚ್‌ಡಿಯ ಬೇರು ಮೊದಲನೆಯದರಲ್ಲೇ ಇದೆ ಎಂದು ಮನೋವಿಜ್ಞಾನಿ ಬಾರ್ಕ್ಲಿ 1997ರಲ್ಲಿ ವಾದಿಸಿದ್ದರು. ‘ತಡೆ’ಯಂಥ ಪದ ಇರುವಾಗ ಸುಮ್ನೆ ‘ಪ್ರತಿಬಂಧ’ ಯಾಕೆ?

ಈಗ ನಿಮ್ಮಲ್ಲಿ ಕೇಳುವುದು ಇಷ್ಟು. ಏನೋ ತರಲು ಕೋಣೆಗೆ ಹೋಗಿ, ಯಾಕೆ ಬಂದೆ ಎಂದು ತಿಳಿಯದೆ ನಿಂತುಬಿಡುತ್ತೇವಲ್ಲ, ಆ ಸ್ಥಿತಿಗೆ ನಿಮ್ಮ ಕಡೆ ಒಂದು ಮಾತು ಇದೆಯೇ? ಬೈಗುಳ ಅಲ್ಲದ ಮಾತು. ಮನೆಯಲ್ಲಿ ಅಜ್ಜಿಯರನ್ನೂ ಕೇಳಿ ನೋಡಿ. ಕರಡು ಮುದ್ರಣಕ್ಕೆ ಹೋಗಲು ಇನ್ನೂ ಮೂರು ವಾರ ಇದೆ.