ಸಹಾಯ ಬೇಕು: ಫ್ಯಾನ್ ನಿಲ್ಲಲ್ಲ, ವೈಫೈ ಮಾತ್ರ ಹೋಗುತ್ತೆ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನವನು, ಮನೆಯಿಂದಲೇ ಕೆಲಸ. ಕರೆಂಟ್ ಹೋದ ತಕ್ಷಣ ಇನ್ವರ್ಟರ್ ಬರುತ್ತದೆ. ಫ್ಯಾನಿಗೆ ಗೊತ್ತೇ ಆಗಲ್ಲ. ರೌಟರ್ ಮಾತ್ರ ಆ ಒಂದು ಕ್ಷಣಕ್ಕೇ ಆಫ್ ಆಗಿ ಮತ್ತೆ ಮೊದಲಿಂದ ಶುರು. ಲೈಟು ಹಸಿರಾಗಲು ಮೂರು ನಿಮಿಷ. ನಿನ್ನೆ ಮೀಟಿಂಗಿನಲ್ಲಿ "ನನ್ನ ಕಡೆ ಏನೂ ತೊಂದರೆ ಇಲ್ಲ ಸರ್" ಅನ್ನುವಷ್ಟರಲ್ಲಿ ಮಾಯವಾದೆ. ಸುಮಾರು 20 ಕಿಲೋಮೀಟರ್ ಆಚೆ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರ ಇದೆ. ನನಗೆ ಬೇಕಿರುವುದು ಬರೀ 20 ವ್ಯಾಟ್!

ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು, ಬೇಗ ಬ್ಯಾಟರಿಗೆ ಬದಲಾಗುವ ಯುಪಿಎಸ್ ಮೋಡ್‌ಗೆ ಹಾಕಿದೆ. ಸ್ವಲ್ಪ ಸುಧಾರಿಸಿತು, ಆದರೆ ಈಗ ವೋಲ್ಟೇಜ್ ಸ್ವಲ್ಪ ಇಳಿದರೂ ಟಕ್ ಅಂತ ಬ್ಯಾಟರಿಗೆ ಹೋಗಿಬಿಡುತ್ತದೆ. ಅಡಾಪ್ಟರ್ ಬದಲಿಸಿದೆ, ಅದೇ ಕಥೆ. "ದೇವರ ಮನೆ ಪ್ಲಗ್ಗಿಗೆ ಹಾಕಿ ನೋಡಪ್ಪ" ಅಂದಳು ಅವ್ವ. ಅದನ್ನೂ ಮಾಡಿದೆ.

ಈಗ ರೌಟರಿಗೆ ಅಂತಲೇ ಬರುವ ಮಿನಿ ಯುಪಿಎಸ್ (ಒಳಗೇ ಬ್ಯಾಟರಿ ಇರುವ ಪುಟ್ಟ ಸಾಧನ) ತರೋಣ ಅಂತಿದ್ದೇನೆ. ಗೊಂದಲ ಇಲ್ಲೇ. ನನ್ನ ಹತ್ತಿರ ಎರಡು ಡಬ್ಬಿ ಇವೆ. ಫೈಬರ್ ಮೋಡೆಮ್ಮಿನ ಅಡಾಪ್ಟರ್ ಮೇಲೆ 12 ವೋಲ್ಟ್ 1 ಆಂಪಿಯರ್, ರೌಟರಿನದರ ಮೇಲೆ 12 ವೋಲ್ಟ್ 1.5 ಆಂಪಿಯರ್ ಅಂತ ಇದೆ. ಮಿನಿ ಯುಪಿಎಸ್ ಕೊಡುವುದು ಒಟ್ಟು 2 ಆಂಪಿಯರ್. ಅಡಾಪ್ಟರ್ ಮೇಲೆ ಬರೆದದ್ದು ಅದು ಕೊಡಬಲ್ಲ ಗರಿಷ್ಠ, ಡಬ್ಬಿ ಅಷ್ಟು ಎಳೆಯಲ್ಲ ಅಂತ ಗೊತ್ತು. ಆದರೆ ಎರಡೂ ಒಟ್ಟಿಗೆ ಆನ್ ಆಗುವಾಗ?

ಒಂದೇ ಮಿನಿ ಯುಪಿಎಸ್‌ಗೆ ವೈ ಆಕಾರದ ವೈರ್ ಹಾಕಿ ಎರಡನ್ನೂ ಓಡಿಸುತ್ತಿರುವವರು ಯಾರಾದರೂ ಇದ್ದೀರಾ? ನಮ್ಮ ಬೇಸಿಗೆಯಲ್ಲಿ ತಡೆಯುತ್ತಾ, ಇಲ್ಲ ಎರಡು ಬೇರೆ ಬೇರೆ ತಗೊಳ್ಳಲೇಬೇಕಾ?